ಈಸಾನ ಹೆಸರು ಕೆತ್ತಿದ ಚಳಿಗಾಲ

ರೇಸಿನ ಪೆಟ್ರೋಲಿಗೆ ಒಂದು ಬಗೆಯ ಸಿಹಿ ವಾಸನೆಯಿದೆ. ಬಂಕಿನ ಪೆಟ್ರೋಲಿನಂತೆ ಅದು ಮೂಗಿಗೆ ಇರಿಯುವುದಿಲ್ಲ. ಕೊಳೆಯಲು ಶುರುವಾದ ಹಣ್ಣಿನ ಹಾಗೆ ಮೆಲ್ಲಗೆ ಬಂದು ಗಂಟಲಿನಲ್ಲಿ ಕೂರುತ್ತದೆ. ಈ ಚಳಿಗಾಲದ ಆರಂಭದಲ್ಲಿ ಒಂದು ಮಧ್ಯಾಹ್ನ ಹಮೀದ್ ತನ್ನ ಬ್ರಷ್ಷುಗಳನ್ನು ತೊಳೆಯಲೆಂದು ಗ್ಯಾರೇಜಿನ ಮೂಲೆಯಿಂದ ಒಂದು ಹಳೆಯ ಡಬ್ಬಿ ಎತ್ತಿ ಮುಚ್ಚಳ ತಿರುಗಿಸಿದ. ತಳದಲ್ಲಿ ಸ್ವಲ್ಪ ಉಳಿದಿತ್ತು. ನಾನು ಟಾರ್ಪಾಲು ಹೊದೆಸಿದ ನನ್ನ ಎಂದಿನ ಆಸನದ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ವಾಸನೆ ತಲುಪಿದ್ದೇ ಲೋಟ ಕೆಳಗಿಟ್ಟೆ.

"ಎಂಥ ಆಯ್ತು ಸಿರಿಲಣ್ಣ?"

"ಏನಿಲ್ಲ. ಅದನ್ನು ಮುಚ್ಚು."

"ಓ, ಇದು ಖದ್ರಾದ್ದು ಅಲ್ವಾ? ನಾನು ಮರ್ತೇ ಬಿಟ್ಟಿದ್ದೆ ಮಾರಾಯ್ರೆ."

ನಾನು ಮರೆತಿರಲಿಲ್ಲ. ಮರೆಯುವ ಹಾಗೂ ಇರಲಿಲ್ಲ, ಏಕೆಂದರೆ ಆ ಟಾರ್ಪಾಲಿನ ಅಡಿಯಲ್ಲಿದ್ದದ್ದು ಖದ್ರಾ ಎಂಬ ಹಳೆಯ ಕಾರಿನ ಎಂಜಿನ್ ಬ್ಲಾಕ್, ಸಿಲಿಂಡರುಗಳೆಲ್ಲ ಕೂರುವ ಎರಕದ ಗಡ್ಡೆ. ಎರಡು ಚಳಿಗಾಲಗಳ ಹಿಂದೆ ನಾನೇ ಒಡೆದದ್ದು. ಒಡೆದ ಮೇಲೆ ಎಸೆಯಲಾಗದೆ, ಹೇಳಲಾಗದೆ, ಅದರ ಮೇಲೆ ಕೂತು ದಿನವೂ ಚಹಾ ಕುಡಿಯುತ್ತಿದ್ದೆ.

ನಾನು ಶಿರ್ವದ ಕಡೆಯವನು. ಹೈಸ್ಕೂಲು ಮುಗಿಸಿ, ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟಲು ಕಲಿತು ಬಹ್ರೇನಿಗೆ ಬಂದವನು. ಆ ವರ್ಕ್‌ಶಾಪಿನ ಮೇಸ್ತ್ರಿ ನನಗೆ ಕಲಿಸಿದ ಒಂದು ವಿದ್ಯೆಯಿತ್ತು: ಬಿಚ್ಚಿಟ್ಟ ಬ್ಲಾಕನ್ನು ಬೆರಳಿನ ಗಂಟಿನಿಂದ ತಟ್ಟಿ ಕೇಳುವುದು. ಗಟ್ಟಿಯಿದ್ದರೆ ಇಗರ್ಜಿಯ ಗಂಟೆಯ ಹಾಗೆ ಸದ್ದು ಉಳಿಯುತ್ತದೆ. ಬಿರುಕಿದ್ದರೆ ಒಡೆದ ಮಡಕೆಯಂತೆ ಅಲ್ಲೇ ಸಾಯುತ್ತದೆ. ಸಲ್ಮಾಬಾದಿನ ಗ್ಯಾರೇಜುಗಳ ಸಾಲಿನಲ್ಲಿ ನಾನು ಹೆಸರು ಮಾಡಿದ್ದು ಆ ಬೆರಳಿನಿಂದ. ಆದರೆ ನಾನು ಹೇಳಲಿರುವ ಚಳಿಗಾಲದ ಹೊತ್ತಿಗೆ ಅದು ಯಾರಿಗೂ ಬೇಡವಾಗಿತ್ತು. ಬರುವುದೆಲ್ಲ ಜಪಾನಿನ ಕಾರು, ಕೊರಿಯಾದ ಕಾರು. ಹುಡುಗರು ವಯರು ಸಿಕ್ಕಿಸಿ ಪರದೆ ನೋಡುತ್ತಾರೆ. ಎಲ್ಲಿ ತೊಂದರೆ ಎಂದು ಕಾರೇ ಹೇಳುತ್ತದೆ. ನಾನು ಆಯಿಲ್ ಬದಲಿಸುವವನಾಗಿದ್ದೆ. ಇದನ್ನು ನೆಪವೆಂದು ಹೇಳುತ್ತಿಲ್ಲ. ಮುಂದೆ ಮಾಡಿದ್ದು ಯಾವ ಮನಸ್ಸಿನಿಂದ ಎಂದು ತಿಳಿಯಲಿ ಎಂದಷ್ಟೆ.

ಕಾರು ಬಂದದ್ದು ನವೆಂಬರಿನಲ್ಲಿ. ಇಲ್ಲಿ ಬೇಸಗೆಯ ಉದ್ದಕ್ಕೂ ಸ್ಪಾನರ್ ಮುಟ್ಟಿದರೆ ಅಂಗೈ ಸುಡುತ್ತದೆ, ಬನಿಯನ್ನು ಮೈಗೆ ಅಂಟಿಕೊಂಡೇ ಒಣಗುತ್ತದೆ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಶಟರ್ ಎತ್ತುವಾಗ ಕಬ್ಬಿಣ ತಣ್ಣಗಿರುತ್ತದೆ. ಅಂಥ ಒಂದು ಬೆಳಿಗ್ಗೆ ಸೇತುವೆಯಾಚೆಯ ಮುಹರಕ್‌ನಿಂದ ರಿಕವರಿ ಗಾಡಿಯ ಬೆನ್ನ ಮೇಲೆ ಅದು ಬಂತು. ಎರಡೇ ಬಾಗಿಲಿನ, ಉದ್ದ ಮೂತಿಯ, ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರು. ಬಣ್ಣ ಗಾಢ ಹಸಿರು. ಅದಕ್ಕೇ ಮನೆಯವರು ಅದನ್ನು ಖದ್ರಾ ಎನ್ನುತ್ತಿದ್ದರು, ಹಸಿರಿನವಳು ಎಂದು. ವರ್ಷಗಟ್ಟಲೆ ಚಾದರದ ಅಡಿ ನಿಂತು ಟಯರುಗಳೆಲ್ಲ ಕೂತುಹೋಗಿದ್ದವು.

ಹಿಂದೆಯೇ ಇನ್ನೊಂದು ಕಾರಿನಲ್ಲಿ ಬು ರಾಶಿದ್ ಬಂದ. ಬು ರಾಶಿದ್ ಎಂದರೆ ರಾಶಿದನ ಅಪ್ಪ. ಇಲ್ಲಿ ಹಿರಿಯರನ್ನು ಮಗನ ಹೆಸರಿನಿಂದಲೇ ಕರೆಯುವುದು. ನಾವು ಮಾತಾಡುವುದು ಹಿಂದಿ ಅರಬಿ ಬೆರೆತ ಗ್ಯಾರೇಜಿನ ಭಾಷೆ. ಅದರಲ್ಲಿ ಬಹುವಚನಕ್ಕೆ ಜಾಗವಿಲ್ಲ, ಹಾಗಾಗಿ ಇಲ್ಲಿಯೂ ಏಕವಚನದಲ್ಲೇ ಬರೆಯುತ್ತೇನೆ. ನನ್ನದೇ ವಯಸ್ಸಿನವ, ಎತ್ತರದ ತೆಳ್ಳನೆಯ ಮನುಷ್ಯ. ಹಿಂದೆ ಅವನ ಎಷ್ಟೋ ಕಾರುಗಳನ್ನು ನಾನು ನೋಡಿದ್ದೆ. ಈ ಬಾರಿ ಅಣ್ಣನ ಮಗಳು ಮರಿಯಮ್‌ಳ ತೋಳು ಹಿಡಿದು ಇಳಿದ. ಕಣ್ಣಿನ ನರ ಒಣಗುತ್ತಿದೆಯಂತೆ.

"ಉಸ್ತಾದ್, ಇನ್ನೂ ದಪ್ಪಗೇ ಇದ್ದೀಯಾ?" ಎಂದ. ಮೇಸ್ತ್ರಿಗೆ ಇಲ್ಲಿ ಉಸ್ತಾದ್ ಎನ್ನುವುದು.

"ಇಲ್ಲ ಬು ರಾಶಿದ್, ಸಪೂರ ಆಗಿದ್ದೇನೆ."

"ಸುಳ್ಳು. ಹೋಗಿರೋದು ಕಣ್ಣು, ಕಿವಿ ಅಲ್ಲ. ನಿನ್ನ ಏದುಸಿರು ಮುಹರಕ್‌ವರೆಗೂ ಕೇಳಿಸ್ತದೆ."

ಮರಿಯಮ್ ನಕ್ಕಳು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಮೂವತ್ತು ದಾಟಿದ ಹುಡುಗಿ. ಕಾರು ಅವಳ ಅಪ್ಪ ಈಸಾನದು. ಈಸಾ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಹರೆಯದಲ್ಲಿ ಈ ಕಾರಿನ ಎಂಜಿನ್ನನ್ನು ಮನೆಯ ಅಂಗಳದಲ್ಲಿ, ಖರ್ಜೂರದ ಮರದ ಕಾಂಡಗಳನ್ನು ಕಟ್ಟಿ, ದೋಣಿಯ ರಾಟೆಯಿಂದ ಎತ್ತಿ, ಸ್ವತಃ ಬಿಚ್ಚಿ ಕಟ್ಟಿದ್ದನಂತೆ. ಆಗ ದೀಪ ಹಿಡಿದವನು ತಮ್ಮ, ಈ ಬು ರಾಶಿದ್. ಈಸಾ ತೀರಿಹೋಗಿ ಬಹಳ ಕಾಲವಾಗಿತ್ತು. ಈಗ ಕಣ್ಣು ಪೂರ್ತಿ ಕತ್ತಲಾಗುವ ಮೊದಲು ಆ ಕಾರು ಸಖೀರಿನ ರೇಸ್ ಟ್ರ್ಯಾಕಿನಲ್ಲಿ ಒಮ್ಮೆ ಓಡಬೇಕು, ಮರಿಯಮ್ ಓಡಿಸಬೇಕು ಎಂದು ತಮ್ಮನ ಆಸೆ.

ಹಳೆಯ ಕಾರುಗಳ ಕೆಲವು ಹುಚ್ಚರು ಅಲ್ಲಿ ಚಳಿಗಾಲದಲ್ಲಿ ಸೇರಿ ಓಡಿಸುವ ಒಂದು ಪಂದ್ಯವಿದೆ. ನೇರ ರಸ್ತೆ, ಕಾಲು ಮೈಲಿ, ಎರಡೆರಡು ಕಾರು. ಅದರ ನಿಯಮ ವಿಚಿತ್ರ: ಹೊರಗಿನಿಂದ ಕಾರು ಕಾರ್ಖಾನೆಯಿಂದ ಇಳಿದ ದಿನ ಹೇಗಿತ್ತೋ ಹಾಗೇ ಕಾಣಬೇಕು. ಬೋಲ್ಟಿನ ತಲೆ, ಪೈಪಿನ ಬಣ್ಣ, ಹಳೆಯ ಕಾಲದ ಸಪೂರ ಟಯರು, ಎಲ್ಲವೂ. ಒಳಗೆ, ಮುಚ್ಚಿದ ಕಡೆ, ಏನು ಬೇಕಾದರೂ ಮಾಡಿಕೊಳ್ಳಬಹುದು. ಪರೀಕ್ಷಿಸುವವನು ಟಾರ್ಚು, ಕನ್ನಡಿ ಹಿಡಿದು ಬಗ್ಗಿ ನೋಡುತ್ತಾನೆ. ಕಂಡದ್ದು ಸರಿಯಿದ್ದರೆ ಮುಗಿಯಿತು. ಕಾಣದ್ದನ್ನು ಯಾರೂ ಕೇಳುವುದಿಲ್ಲ.

"ಬೇಕಾದ್ದು ಮಾಡು," ಎಂದ ಬು ರಾಶಿದ್. "ಹೆಡ್ಡು, ಗೇರು, ಕಾರ್ಬೊರೇಟರು, ನಿನ್ನಿಷ್ಟ. ಬ್ಲಾಕ್ ಮಾತ್ರ ಮುಟ್ಟಬೇಡ. ಸಿಲಿಂಡರುಗಳನ್ನು ಈಸಾ ಒಮ್ಮೆ ಕೊರೆಸಿದ್ದಾನೆ, ಅದು ಹಾಗೇ ಇರಲಿ. ಒಳಗೆ ಅವನ ಹೆಸರು ಕೆತ್ತಿದ್ದಾನೆ, ನೋಡುತ್ತೀಯ."

"ಅಲಾ ರಾಸಿ," ಎಂದೆ, ನನ್ನ ತಲೆಯ ಮೇಲೆ ಹೊತ್ತೆ ಎಂದು. ಇಲ್ಲಿ ಮಾತು ಕೊಡುವುದು ಹಾಗೆ.

ಆ ಚಳಿಗಾಲದ ಮೊದಲ ವಾರಗಳಷ್ಟು ಖುಷಿಯಾಗಿ ನಾನು ಯಾವಾಗ ಕೆಲಸ ಮಾಡಿದ್ದೆನೋ ನೆನಪಿಲ್ಲ. ಬೆಳಿಗ್ಗೆ ಗುದೈಬಿಯಾದ ನಮ್ಮ ಫ್ಲ್ಯಾಟಿನಿಂದ ಹಮೀದನ ಪಿಕಪ್ಪಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಖದ್ರಾದ್ದೇ ಮಾತು. ಹಮೀದ್ ಉಳ್ಳಾಲದವನು, ಪೇಂಟಿನ ಕೆಲಸದವನು. ಅವನ ಕಷ್ಟ ಬೇರೆ. ಕಾರ್ಖಾನೆಯವರು ಆ ಕಾಲದಲ್ಲಿ ಕೆಳಭಾಗಕ್ಕೆ ಅವಸರದಲ್ಲಿ ಬಣ್ಣ ಹೊಡೆಯುತ್ತಿದ್ದರಂತೆ. ಅಲ್ಲಲ್ಲಿ ಸೋರಿದ ಗುರುತು ಇರಬೇಕು. ನೀಟಾಗಿ ಹೊಡೆದರೆ ತಪ್ಪು.

"ಜೀವಮಾನ ಇಡೀ ಪೇಂಟ್ ಸೋರದ ಹಾಗೆ ಹೊಡಿಲಿಕ್ಕೆ ಕಲ್ತೆ ಸಿರಿಲಣ್ಣ. ಈಗ ಸೋರಿಸ್ಲಿಕ್ಕೆ ಕರೀತಾರೆ. ನನ್ನ ಉಸ್ತಾದ್ ನೋಡಿದ್ರೆ ಕಪಾಳಕ್ಕೆ ಬಿಡ್ತಿದ್ರು."

ನಾನು ಸೈಲೆನ್ಸರಿಗೆ ಹೋಗುವ ಎರಕದ ಕೊಳವೆಗಳನ್ನು ಒಳಗಿನಿಂದ ಮಾತ್ರ ಉಜ್ಜಿ ಅಗಲ ಮಾಡಿದೆ. ಹೊರಗಿನ ತುಕ್ಕು ಹಾಗೇ ಉಳಿಯಿತು. ಸಂಜೆ ಮರಿಯಮ್ ಬ್ಯಾಂಕಿನಿಂದ ನೇರ ಬರುತ್ತಿದ್ದಳು. ಸಪೂರ ಟಯರಿನ ಕಾರು ಹೊರಡುವಾಗ ಕಾಲು ಸ್ವಲ್ಪ ಜೋರಾದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಎಂಜಿನ್ ಇಲ್ಲದ ಕಾರಿನಲ್ಲಿ ಕೂತು, ಚಪ್ಪಲಿ ಕಳಚಿ, ಅವಳು ಪೆಡಲು ಒತ್ತುವುದನ್ನೇ ಅಭ್ಯಾಸ ಮಾಡುತ್ತಿದ್ದಳು. "ಚಿಕ್ಕವಳಿದ್ದಾಗ ಅಪ್ಪನ ತೊಡೆ ಮೇಲೆ ಕೂತಿರುತ್ತಿದ್ದೆ, ಇದೇ ಸೀಟು," ಎಂದಿದ್ದಳು ಒಮ್ಮೆ.

ಎಂಜಿನ್ ಬಿಚ್ಚಿದಾಗ ಹೆಸರು ಕಂಡಿತು. ನಾಲ್ಕು ನಾಲ್ಕು ಸಿಲಿಂಡರಿನ ಎರಡು ಸಾಲುಗಳ ನಡುವೆ ಕಣಿವೆಯಂಥ ಒಂದು ಜಾಗವಿರುತ್ತದೆ. ಎಂಜಿನ್ ಕಟ್ಟಿದ ಮೇಲೆ ಯಾರಿಗೂ ಕಾಣದ ಜಾಗ. ಅಲ್ಲಿ ಸ್ವಲ್ಪ ಕಡೆ ಉಜ್ಜಿ ನಯ ಮಾಡಿ, ಸಣ್ಣ ಉಳಿಯಿಂದ ಅರಬಿಯಲ್ಲಿ ಕೆತ್ತಿದ್ದ. ನನಗೆ ಆ ಲಿಪಿ ಬಾರದು. ಹಮೀದ್ ಮದರಸದಲ್ಲಿ ಕಲಿತವನು, ಬಗ್ಗಿ ಓದಿದ: "ಈಸಾ." ಬು ರಾಶಿದನಿಗೆ ಫೋನ್ ಮಾಡಿ ಹೇಳಿದೆ. ಯಾವ ಕಡೆ, ಎಷ್ಟು ದೊಡ್ಡದು ಎಂದು ಎರಡೆರಡು ಸಲ ಕೇಳಿದ.

ಜನವರಿಯಲ್ಲಿ ಉತ್ತರದ ಗಾಳಿ ಶುರುವಾಯಿತು. ಧೂಳು, ಚಳಿ. ತಣ್ಣನೆಯ ಗಾಳಿಗೆ ಎಂಜಿನ್ ಹೆಚ್ಚು ಉಸಿರು ತೆಗೆದುಕೊಳ್ಳುತ್ತದೆ, ಹೆಚ್ಚು ಎಳೆಯುತ್ತದೆ. ಪಂದ್ಯಕ್ಕೆ ಅದೇ ಒಳ್ಳೆಯ ಕಾಲ. ಅದೇ ಹೊತ್ತಿಗೆ ಸಲ್ಮಾಬಾದಿನ ಚಹಾದಂಗಡಿಯಲ್ಲಿ ಒಂದು ಕೆಂಪು ಕಾರಿನ ಸುದ್ದಿ. ಹೊರಗೆ ನೋಡಿದರೆ ಅಜ್ಜಿ ಓಡಿಸುವ ಕಾರು, ಒಳಗೆ ಸಿಲಿಂಡರುಗಳನ್ನೆಲ್ಲ ದೊಡ್ಡದು ಮಾಡಿದ್ದಾರೆ, ಅದರ ಮುಂದೆ ಯಾವುದೂ ನಿಲ್ಲುವುದಿಲ್ಲ ಎಂದು. ಯಾರೋ ನನ್ನನ್ನು ಕೇಳಿದರು: "ಸಿರಿಲ್ ಭಾಯಿ, ನಿಮ್ಮದು ಪ್ರದರ್ಶನಕ್ಕಾ, ಓಡಲಿಕ್ಕಾ?"

ಆ ಒಂದು ಮಾತು ಸಾಕಾಯಿತು. ಸಿಲಿಂಡರು ಒಂದು ಸೈಜು ಹೆಚ್ಚು ಕೊರೆದರೆ ಎಂಜಿನ್ನಿಗೆ ಬಲ ಹೆಚ್ಚುತ್ತದೆ, ಹೊರಗಿನಿಂದ ಯಾವ ಕನ್ನಡಿಗೂ ಕಾಣುವುದಿಲ್ಲ. ಬು ರಾಶಿದನಿಗೆ ಮೊದಲೇ ಕಾಣುವುದಿಲ್ಲ. ಹೌದು, ಹಾಗೆಯೇ ಯೋಚಿಸಿದೆ. ಆ ಯೋಚನೆಯನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಗೆದ್ದ ಮೇಲೆ ಈ ಎಂಜಿನ್ ಕಟ್ಟಿದ್ದು ಯಾರೆಂದು ಜನ ಕೇಳುವುದು ನನ್ನ ಕಿವಿಯಲ್ಲಿ ಆಗಲೇ ಶುರುವಾಗಿತ್ತು.

ಈಸಾ ಒಮ್ಮೆ ಕೊರೆಸಿದ್ದ ಸಿಲಿಂಡರಿನ ಗೋಡೆ. ಇನ್ನೊಮ್ಮೆ ಕೊರೆಯುವ ಮೊದಲು ಗೋಡೆ ಎಷ್ಟು ದಪ್ಪ ಉಳಿದಿದೆಯೆಂದು ಅಳೆಯಬೇಕು. ಅಳೆಯುವ ಯಂತ್ರ ಪಕ್ಕದ ಗಲ್ಲಿಯ ವರ್ಕ್‌ಶಾಪಿನಲ್ಲೇ ಇತ್ತು.

"ತಗೊಂಡು ಹೋಗುವ ಸಿರಿಲಣ್ಣ, ಪಿಕಪ್ಪಲ್ಲಿ ಹಾಕ್ತೇನೆ," ಎಂದ ಹಮೀದ್.

"ಬೇಡ. ನನ್ನ ಬೆರಳು ಇಲ್ವಾ?"

ತಟ್ಟಿದೆ. ಗಂಟೆಯ ಹಾಗೆ ಕೇಳಿಸಿತು. ನಿಜಕ್ಕೂ ಕೇಳಿಸಿತೋ, ಕೇಳಬೇಕೆಂದಿದ್ದನ್ನು ಕೇಳಿಸಿಕೊಂಡೆನೋ ಈಗ ಹೇಳಲಾರೆ. ಬಿರುಕು ಸದ್ದಿಗೆ ಸಿಗುತ್ತದೆ. ಗೋಡೆ ತೆಳುವಾಗಿದ್ದರೆ ಸಿಗುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಕೊರೆಯುತ್ತಾ ಹಿಂದಿನ ಸಿಲಿಂಡರಿಗೆ ಬಂದಾಗ ಗೋಡೆಯ ಒಂದು ಕಡೆ ಉಗುರಿನಷ್ಟು ಜಾಗ ಬೇರೆಯೇ ಬಣ್ಣಕ್ಕೆ ತಿರುಗಿತು. ಯಂತ್ರ ನಿಲ್ಲಿಸುವಷ್ಟರಲ್ಲಿ ತೂತಾಯಿತು. ಆಚೆಗೆ ನೀರು ಹರಿಯುವ ಪೊಳ್ಳು, ಅದರೊಳಗಿನ ತುಕ್ಕು ಕಾಣುತ್ತಿತ್ತು. ಆಗಲೂ ಉಳಿಸಬಹುದಿತ್ತು. ಒಳಗೆ ಇನ್ನೊಂದು ಉಕ್ಕಿನ ಕೊಳವೆ ಕೂರಿಸಿದರೆ ಸರಿಹೋಗುತ್ತದೆ. ಬ್ಲಾಕನ್ನು ಹದವಾಗಿ ಬಿಸಿ ಮಾಡಿ, ಕೊಳವೆಯನ್ನು ಮಂಜುಗಡ್ಡೆಯಲ್ಲಿಟ್ಟು, ತಾಳ್ಮೆಯಿಂದ ಮಾಡುವ ಕೆಲಸ. ನನಗೆ ಅದನ್ನು ಬೇಗ ಮುಚ್ಚಿಬಿಡಬೇಕಾಗಿತ್ತು. ತಣ್ಣಗಿರುವಾಗಲೇ ಪ್ರೆಸ್ಸಿನಲ್ಲಿ ಒತ್ತಿದೆ. ಟಪ್ ಎಂದು ಒಂದು ಸಣ್ಣ ಸದ್ದು. ಬಿರುಕು ಪಕ್ಕದ ಸಿಲಿಂಡರನ್ನೂ ದಾಟಿ ಕೆಳಗಿನವರೆಗೆ ಇಳಿದಿತ್ತು. ಮತ್ತೆ ತಟ್ಟಿ ನೋಡಿದೆ, ಏಕೋ. ಒಡೆದ ಮಡಕೆ.

ಹಮೀದ್ ಹತ್ತಿರ ಬಂದು ನೋಡಿದ. ತಮಾಷೆ ಮಾಡಲಿಲ್ಲ. "ಫೋನ್ ಮಾಡಿ ಹೇಳಿ ಸಿರಿಲಣ್ಣ. ಅವ ಒಳ್ಳೆ ಜನ. ಬೈದಾನು, ಮತ್ತೆ ಖಲಾಸ್."

"ಹೇಳ್ತೇನೆ," ಎಂದೆ.

ಹೇಳಲಿಲ್ಲ. ಅದೇ ಅಚ್ಚಿನ ಇನ್ನೊಂದು ಬ್ಲಾಕ್ ಶಾರ್ಜಾದ ಗುಜರಿಯಲ್ಲಿ ಸಿಕ್ಕಿತು. ತರಿಸಿ, ಇಲ್ಲಿ ಗೋಡೆ ಅಳೆಸಿ, ಕೊರೆದು, ಈಸಾನ ಬ್ಲಾಕಿನ ಮೇಲಿದ್ದ ಎಂಜಿನ್ ನಂಬರನ್ನೇ ಇದಕ್ಕೂ ಒತ್ತಿದೆ. ಹಮೀದ್ ಬಾಯಿ ಮುಚ್ಚಿಕೊಂಡು ಬಣ್ಣ ಹೊಡೆದ, ಬೇಕಾದಲ್ಲಿ ಸೋರಿಸಿದ. ಎಲ್ಲ ಮುಗಿದ ಮೇಲೆ ಹೇಳಿದರಾಯಿತು, ಗೆದ್ದ ಮೇಲೆ ಹೇಳಿದರೆ ಕೋಪವೂ ಕಡಿಮೆ ಎಂದು ಒಳಗೊಳಗೇ ಮುಂದಕ್ಕೆ ಹಾಕುತ್ತಿದ್ದೆ. ಆಗ ಮರಿಯಮ್‌ಳ ಫೋನ್ ಬಂತು.

"ಉಸ್ತಾದ್, ಎಂಜಿನ್ ಮುಚ್ಚುವ ಮೊದಲು ಚಿಕ್ಕಪ್ಪ ಆ ಹೆಸರನ್ನು ಒಮ್ಮೆ ಮುಟ್ಟಬೇಕಂತೆ. ಶುಕ್ರವಾರ ಸಂಜೆ ಕರ್ಕೊಂಡು ಬರ್ತೇನೆ."

ಶುಕ್ರವಾರ ಬೆಳಿಗ್ಗೆ ನಾನು ಎಂದಿನಂತೆ ಇಗರ್ಜಿಗೆ ಹೋಗಿ ಪೂಜೆ ಮುಗಿಸಿ, ಅದೇ ಬಿಳಿ ಅಂಗಿಯಲ್ಲಿ ಗ್ಯಾರೇಜಿಗೆ ಬಂದೆ. ಹಮೀದ್ ನಮಾಜಿಗೆ ಹೋಗಿದ್ದ. ಮಸೀದಿಯ ಧ್ವನಿವರ್ಧಕದಲ್ಲಿ ಪ್ರವಚನ ನಡೆದಿತ್ತು. ಸಾಲಿನ ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಒಡೆದ ಬ್ಲಾಕಿನ ಹೆಸರಿನ ಮೇಲೆ ತೆಳು ಕಾಗದ ಹಾಸಿ, ಮಕ್ಕಳು ನಾಣ್ಯದ ಮೇಲೆ ಉಜ್ಜುವ ಹಾಗೆ ಪೆನ್ಸಿಲಿನಿಂದ ಉಜ್ಜಿದೆ. ಕಾಗದವನ್ನು ಹೊಸ ಬ್ಲಾಕಿಗೆ ಅಂಟಿಸಿ ಸಣ್ಣ ಉಳಿ ತೆಗೆದುಕೊಂಡೆ. ಓದಲು ಬಾರದ ಅಕ್ಷರವನ್ನು ಗೆರೆ ಗೆರೆಯಾಗಿ ಕೊರೆದೆ. ಹೊಸ ಗೀರಿನ ಅಂಚು ಹರಿತವಿರುತ್ತದೆ, ಬೆರಳಿಗೆ ತಿಳಿಯುತ್ತದೆ. ಅದಕ್ಕೆ ಎಮರಿ ಕಾಗದ ಹಿಡಿದು ನಯ ಮಾಡಿದೆ, ಹಳೆಯ ಆಯಿಲ್ ಸವರಿ ಮಸಿ ತುಂಬಿದೆ. ಒಳ್ಳೆಯ ಕೆಲಸ. ನನ್ನ ಜೀವನದಲ್ಲಿ ಅಷ್ಟು ಜತನದಿಂದ ಮಾಡಿದ ಕೆಲಸ ಕಡಿಮೆ.

ಹಮೀದ್ ಬಂದು ನೋಡಿ ತಲೆಯ ಟೊಪ್ಪಿ ತೆಗೆದು ಜೇಬಿಗೆ ಹಾಕಿಕೊಂಡ.

"ಪೇಂಟ್ ಸೋರಿಸಿದ್ದು ಬೇರೆ ಸಿರಿಲಣ್ಣ. ಇದು ಬೇರೆ."

ಅಷ್ಟೇ ಹೇಳಿದ.

ಬು ರಾಶಿದ್ ಬಂದ. ಮರಿಯಮ್ ಅವನ ಕೈಯನ್ನು ಕಣಿವೆಯೊಳಗೆ ಇಳಿಸಿದಳು. ಬೆರಳು ಹುಡುಕುತ್ತಾ ಹೋಗಿ ಸಿಕ್ಕಿದೊಡನೆ ನಿಂತಿತು. ಅರಬಿ ಓದುವ ಹಾಗೆ ಬಲದಿಂದ ಎಡಕ್ಕೆ ಒಂದು ಸಲ, ಮತ್ತೊಂದು ಸಲ. ನಾನು ಅವನ ಮುಖ ನೋಡಲಿಲ್ಲ, ಬೆರಳನ್ನೇ ನೋಡುತ್ತಿದ್ದೆ.

"ದೀಪ ಅಲ್ಲಾಡಿಸಬೇಡ ಅಂತ ಈಸಾ ಬೈತಾ ಇದ್ದ," ಎಂದ. "ನನಗೆ ನಿದ್ದೆ ಬರ್ತಾ ಇತ್ತು."

ಆಮೇಲೆ ಬೆರಳಿನ ಮಸಿಯನ್ನು ಒರೆಸಿಕೊಳ್ಳದೆ ಹಾಗೇ ಹೋದ. ಅಂಥ ಬೆಳ್ಳನೆಯ ಉಡುಪಿನ ಮನುಷ್ಯ.

ಪಂದ್ಯದ ದಿನ ಸಖೀರಿನಲ್ಲಿ ಹಿಂದಿನ ದಿನದ ಮಳೆಗೆ ಮರಳು ಕೂತು ಗಾಳಿ ತೊಳೆದಂತಿತ್ತು. ಪರೀಕ್ಷಿಸುವವನು ಟಾರ್ಚು ಕನ್ನಡಿ ಹಿಡಿದು ಬಗ್ಗಿ, ಮಲಗಿ, ಎದ್ದು, ಹಮೀದ್ ಸೋರಿಸಿದ ಬಣ್ಣವನ್ನು ನೋಡಿ ತಲೆದೂಗಿದ. ಎಲ್ಲ ಕಾರ್ಖಾನೆಯದೇ ಎಂದು ಬರೆದುಕೊಂಡ. ಮರಿಯಮ್ ಬರಿಗಾಲಿನಲ್ಲೇ ಓಡಿಸುತ್ತೇನೆ ಎಂದು ಹಟ ಮಾಡಿದಳು, ಪಂದ್ಯದವರು ಅದಕ್ಕೆ ಬಿಡದೆ ತೆಳು ಬೂಟು ಹಾಕಿಸಿದರು. ಒಂದೊಂದೇ ಓಟ ಗೆಲ್ಲುತ್ತಾ ಹೋದಳು. ಕೊನೆಗೆ ಕೆಂಪು ಕಾರು. ಅದು ಹೊರಡುವಾಗಲೇ ಚಕ್ರ ಸುತ್ತಿ ಹೊಗೆಯಾಯಿತು. ಖದ್ರಾ ಒಂದಿಷ್ಟೂ ಜಾರದೆ, ಯಾರೋ ದಾರದಿಂದ ಎಳೆದ ಹಾಗೆ ಹೋಯಿತು. ಅದು ಅವಳ ಕಾಲಿನ ಕೆಲಸ. ನಡುವೆ ಕೆಂಪು ಕಾರು ಹತ್ತಿರ ಬಂದಾಗ ಅದನ್ನು ಬಿಟ್ಟುಕೊಡದಿದ್ದದ್ದು ಎಂಜಿನ್ನಿನ ಕೆಲಸ.

ಬು ರಾಶಿದ್ ಬೇಲಿಯ ಸರಳು ಹಿಡಿದು, ತಲೆ ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದ. ಕಾರು ದೂರವಾಗಿ ಸದ್ದು ಮುಗಿದ ಮೇಲೂ ಹಾಗೇ ನಿಂತಿದ್ದ.

"ಕೇಳಿದೆಯಾ ಉಸ್ತಾದ್? ಈಸಾನ ದನಿ."

ಜನ ಬಂದು ಕೇಳಿದರು, ಕಟ್ಟಿದವರು ಯಾರು ಎಂದು. ನಾನು ಕಾದಿದ್ದ ಮಾತು. ನಾನು ಬಾಯಿ ತೆಗೆಯುವ ಮೊದಲೇ ಬು ರಾಶಿದ್ ಹೇಳಿದ: "ನನ್ನ ಅಣ್ಣ. ಉಸ್ತಾದ್ ಅದನ್ನು ಹಾಗೇ ಉಳಿಸಿಕೊಟ್ಟ." ಎಲ್ಲರೂ ನನ್ನ ಕೈ ಕುಲುಕಿದರು. ಅಲ್ಲಿಂದ ಬು ರಾಶಿದ್, ಮರಿಯಮ್ ನೇರ ಖಬರಸ್ಥಾನಕ್ಕೆ, ಈಸಾನಿಗೆ ಹೇಳಲು ಹೋದರಂತೆ.

ಓಟದ ಸದ್ದನ್ನು ಮರಿಯಮ್‌ಳ ಗೆಳತಿ ಫೋನಿನಲ್ಲಿ ಹಿಡಿದಿದ್ದಳು. ಬು ರಾಶಿದ್ ಅದನ್ನು ದಿನವೂ ಬೆಳಿಗ್ಗೆ ಕೇಳುತ್ತಿದ್ದ. ನಾನು ಹಬ್ಬಕ್ಕೆ ಮಾತಾಡಿಸಲು ಹೋದಾಗಲೆಲ್ಲ ಹಚ್ಚುತ್ತಿದ್ದ. ಕಹ್ವಾದ, ಇಲ್ಲಿನ ಕಾಫಿಯ, ಪುಟ್ಟ ಬಟ್ಟಲು ಹಿಡಿದು ನಾನೂ ಕೇಳಬೇಕು. ಶಾರ್ಜಾದ ಗುಜರಿಯ ಬ್ಲಾಕ್ ಅವನ ಕೋಣೆಯ ತುಂಬ ಗುಡುಗುತ್ತಿತ್ತು, ಅವನು ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದ. ಬರಬರುತ್ತಾ ಹೋಗುವುದನ್ನೇ ಬಿಟ್ಟೆ. ಇಗರ್ಜಿಯಲ್ಲಿ ಪಾಪನಿವೇದನೆಗೆ ಮಂಡಿಯೂರಿದಾಗ ಕೋಪ ಹೇಳಿದೆ, ಕುಡಿತ ಹೇಳಿದೆ, ಇದನ್ನು ಹೇಳಲಿಲ್ಲ. ಇದು ಗ್ಯಾರೇಜಿನ ವಿಷಯ ಎಂದು ಬೇರೆ ಇಟ್ಟಿದ್ದೆ.

ಮತ್ತೆ ಈ ಚಳಿಗಾಲ, ಆ ಡಬ್ಬಿ, ಆ ವಾಸನೆ. ಈಸ್ಟರಿಗೆ ನನ್ನ ವೀಸಾ ಮುಗಿಯುತ್ತದೆ. ಊರಿಗೆ ಹೋದರೆ ಮತ್ತೆ ಬರುವುದಿಲ್ಲ. ಲೋಟ ಕೆಳಗಿಟ್ಟವನು ಎದ್ದು ಟಾರ್ಪಾಲು ಎಳೆದೆ.

"ಇದನ್ನು ಪಿಕಪ್ಪಿಗೆ ಹಾಕಬೇಕು ಹಮೀದ್. ಮುಹರಕ್‌ಗೆ ಹೋಗುವ."

ಹಮೀದ್ ಕೈಯ ಬ್ರಷ್ಷು ಕೆಳಗಿಡಲಿಲ್ಲ. "ಯಾಕೆ?"

"ಹೇಳಲಿಕ್ಕೆ."

"ಹೇಳ್ಬೇಕಾದಾಗ ಹೇಳ್ಲಿಲ್ಲ. ಈಗ ಅವನಿಗೆ ಕಣ್ಣು ಪೂರ್ತಿ ಹೋಗಿದೆ. ಇರುವುದು ಆ ಒಂದು ಸದ್ದು ಮಾರಾಯ್ರೆ. ಅದನ್ನೂ ಕಿತ್ಕೊಳ್ಳಿಕ್ಕೆ ಹೋಗ್ತೀರಾ? ನಿಮ್ಮ ತಲೆಹೊರೆ ಇಳಿಸ್ಲಿಕ್ಕೆ ಆ ಮುದುಕನ ತಲೆ ಮೇಲೆ ಇಡುದಾ?"

ಅವನು ಹೇಳಿದ್ದು ತಪ್ಪೆಂದು ನಾನು ಎಲ್ಲಿಯೂ ಹೇಳಲಾರೆ. ಈಸಾನ ಹೆಸರಿನ ಮೇಲೆ ಇನ್ನು ಕೂರಲಾರೆ ಎಂಬುದಷ್ಟೇ ಗೊತ್ತಿತ್ತು. ಹಮೀದ್ ನನ್ನ ಮುಖ ನೋಡಿ, ಏನೋ ಗೊಣಗಿ, ಚೈನ್ ಪುಲ್ಲಿ ತಂದ.

ಬು ರಾಶಿದ್ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದ. ಮರಿಯಮ್ ಖರ್ಜೂರ, ಕಹ್ವಾ ತಂದಿಟ್ಟಳು. ನಾನು ಬಟ್ಟಲು ಮುಟ್ಟದೆ ಹೇಳಿದೆ. ಕೊರೆದದ್ದು, ಒಡೆದದ್ದು, ಗುಜರಿ, ನಂಬರು, ಕೊನೆಗೆ ಹೆಸರು. ಮರಿಯಮ್ ಮೊದಲು ಮಾತಾಡಿದಳು.

"ಹಾಗಾದರೆ ಆ ದಿನ ನಾನು ಓಡಿಸಿದ್ದು?"

"ಗೆದ್ದದ್ದು ನೀನೇ ಅಮ್ಮಾ. ಅದು ನಿನ್ನ ಕಾಲು."

"ಗೆಲ್ಲೋದು ಯಾರಿಗೆ ಬೇಕಿತ್ತು? ಅಪ್ಪ ಜೊತೆಗಿದ್ದಾನೆ ಅಂದುಕೊಂಡಿದ್ದೆ." ಟ್ರೇ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

"ಈಸಾನದು ಎಲ್ಲಿದೆ?" ಎಂದ ಬು ರಾಶಿದ್.

ಹಮೀದ್ ಪಿಕಪ್ಪಿನ ಹಿಂಬಾಗಿಲು ಇಳಿಸಿದ. ನಾನು ಬು ರಾಶಿದನ ಕೈ ಹಿಡಿಯಲು ಹೋದಾಗ ಅವನು ಹಿಂದಕ್ಕೆ ಎಳೆದುಕೊಂಡ. ತಾನೇ ಗಾಡಿಯ ಬದಿ ಸವರುತ್ತಾ ಬಂದು, ತಾನೇ ಕಣಿವೆ ಹುಡುಕಿ ಹೆಸರು ಹುಡುಕಿದ. ಬಲದಿಂದ ಎಡಕ್ಕೆ ಒಂದು ಸಲ. ನಿಂತ. ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ. ಆಗ ಅವನೇ ನನ್ನ ಮಣಿಕಟ್ಟು ಹಿಡಿದ, ಗಟ್ಟಿಯಾಗಿ.

"ನೀನು ಒಡೆದದ್ದು ತೋರಿಸು."

ಅವನ ಬೆರಳನ್ನು ಸಿಲಿಂಡರಿನೊಳಗೆ ತೂತಿನವರೆಗೆ ಒಯ್ದೆ. ಅಲ್ಲಿಂದ ಬಿರುಕಿನ ಉದ್ದಕ್ಕೂ ಕೆಳಗಿನವರೆಗೆ.

"ಇದು ಇಲ್ಲೇ ಇರಲಿ," ಎಂದ. "ಖದ್ರಾವನ್ನು ನಾಳೆ ಕಳಿಸ್ತೇನೆ. ನೀನು ಬರೆದ ಹೆಸರು ತೆಗಿ."

"ತೆಗೆಯುತ್ತೇನೆ."

"ಅವತ್ತು ಓಡಿದ್ದು ಯಾರ ಎಂಜಿನ್?"

ನಾನು ಹಮೀದನ ಕಡೆ ತಿರುಗಿದೆ.

"ಕೇಳಿದ್ದು ನಿನ್ನನ್ನೇ. ಯಾರದು?"

"ನನ್ನದು."

"ಹಾಗಾದರೆ ನಿನ್ನ ಹೆಸರು ಬರಿ. ಬರೆದ ಮೇಲೆ ಹೇಳು, ಬರ್ತೇನೆ."

ಅವನ ದನಿಯಲ್ಲಿ ಕೋಪವಿರಲಿಲ್ಲ, ಕರುಣೆಯೂ ಇರಲಿಲ್ಲ. ಬೋಲ್ಟಿನ ಸೈಜು ಹೇಳುವವನ ಹಾಗೆ ಹೇಳಿದ.

ಯಾರಿಗೂ ಕಾಣದ ಒಂದು ಹೆಸರನ್ನು ಅಳಿಸಲು ಇಡೀ ಎಂಜಿನ್ ಬಿಚ್ಚಬೇಕು. ಉಜ್ಜುವಾಗ ಬೀಳುವ ಕಬ್ಬಿಣದ ಪುಡಿ ಒಳಗೆ ಉಳಿದರೆ ಬೇರಿಂಗುಗಳನ್ನೆಲ್ಲ ತಿಂದುಹಾಕುತ್ತದೆ. ಈ ಬಾರಿ ಅಂದಿನ ನವೆಂಬರಿನ ಖುಷಿ ಇರಲಿಲ್ಲ. ಸೊಂಟ ಬಗ್ಗಿದರೆ ಏಳುವುದಿಲ್ಲ, ಬೆರಳುಗಳಿಗೆ ನಟ್ಟು ಸಿಗುವುದಿಲ್ಲ. ನಾನು ಕೂತುಕೊಳ್ಳುತ್ತಿದ್ದ ಜಾಗದಲ್ಲಿ ಈಗ ಒಂದು ಪ್ಲಾಸ್ಟಿಕ್ ಸ್ಟೂಲು. ಹಮೀದ್ ಕೇಳದೆಯೇ ಬಂದು ಭಾರದ್ದನ್ನು ಎತ್ತಿಕೊಡುತ್ತಿದ್ದ. ನಾನು ಕೆತ್ತಿದ ಹೆಸರನ್ನು ನಾನೇ ಉಜ್ಜಿ ತೆಗೆದೆ. ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಬೋಳಾದ ಆ ಜಾಗದ ಮುಂದೆ ಉಳಿ ಹಿಡಿದು ಬಹಳ ಹೊತ್ತು ಕೂತೆ.

ನನಗೆ ಚೆನ್ನಾಗಿ ಬರುವ ಲಿಪಿ ಒಂದೇ, ಊರಿನ ಶಾಲೆಯಲ್ಲಿ ಕಲಿತದ್ದು. ಅದರಲ್ಲೇ ಬರೆದೆ. ಸಿರಿಲ್.

ಕಳೆದ ಗುರುವಾರ ಬು ರಾಶಿದ್ ಬಂದ. ಮರಿಯಮ್ ಹೊರಗೆ ಕಾರಿನಲ್ಲೇ ಕೂತಳು. ಹಮೀದ್ ಹೋಗಿ ಅವನ ತೋಳು ಹಿಡಿದು ಕರೆತಂದ. ಅವನು ಕೈಯನ್ನು ಕಣಿವೆಯೊಳಗೆ ಇಳಿಸಿ, ಅಭ್ಯಾಸದಂತೆ ಬಲದ ತುದಿಯಿಂದ ಶುರು ಮಾಡಿದ. ಬೆರಳಿಗೆ ಏನೂ ತಿಳಿಯಲಿಲ್ಲ.

"ಎಡದಿಂದ," ಎಂದೆ.

ಎಡದಿಂದ ನಿಧಾನವಾಗಿ ಸವರಿದ. "ಇದು ಯಾವ ಬರಹ?"

"ನಮ್ಮ ಊರಿನದು. ಕನ್ನಡ."

"ಎಲ್ಲ ದುಂಡಗಿದೆ." ಬೆರಳು ಕೊನೆಯ ಅಕ್ಷರದ ತುದಿಗೆ ಬಂದು ಗಕ್ಕನೆ ಹಿಂದೆ ಸರಿಯಿತು. ಹೆಬ್ಬೆರಳಿನಿಂದ ಬೆರಳ ತುದಿಯನ್ನು ಉಜ್ಜಿಕೊಂಡ. "ಚುಚ್ಚುತ್ತದೆ."

ಈ ಸಲ ನಾನು ಎಮರಿ ಕಾಗದ ಹಾಕಿರಲಿಲ್ಲ.

"ನಯ ಮಾಡಲೇ?" ಎಂದೆ.

ಅವನು ಮತ್ತೆ ಬೆರಳು ಇಳಿಸಿ, ಅದೇ ತುದಿಯ ಮೇಲೆ ಇಟ್ಟು, ಸ್ವಲ್ಪ ಒತ್ತಿ ನೋಡಿದ.

"ಬೇಡ," ಎಂದ. "ಮುಚ್ಚು ಇನ್ನು."